ನೀರ್ಚಾಲಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ದೂರ, ಎಷ್ಟು ಹೊತ್ತು?

ನೀರ್ಚಾಲು ಮಾಸ್ತರ
ಎಲ್ಲರಿಗೂ ನಮಸ್ಕಾರ. ಮಗಳ ಬಾಣಂತನಕ್ಕೆಂದು ನಾನೂ ಮನೆಯವಳೂ ಕಾಸರಗೋಡಿನ ಬಳಿಯ ನೀರ್ಚಾಲಿನಿಂದ ನವೆಂಬರ್ ಕೊನೆಯ ವಾರ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಡಬೇಕು. ವೀಸಾ ಕೈಸೇರಿದೆ, ಟಿಕೆಟ್ ಇನ್ನೂ ತೆಗೆದಿಲ್ಲ. ಬೆಂಗಳೂರಿನಿಂದ ದೂರ ಎಷ್ಟೆಂದು ಮೊಬೈಲಿನಲ್ಲಿ ನೋಡಿದರೆ ಒಂದು ಕಡೆ 13,990, ಇನ್ನೊಂದು ಕಡೆ 8,690, ಮತ್ತೊಂದು ಕಡೆ 7,550 ಎಂದಿದೆ. ಹೊತ್ತಿನ ಲೆಕ್ಕ ಇನ್ನೂ ಗೋಜಲು. ಅಂತರ್ಜಾಲ 17 ಗಂಟೆ ಎನ್ನುತ್ತದೆ, ಟಿಕೆಟ್ ಏಜೆಂಟ್ 31 ಗಂಟೆ ಎನ್ನುತ್ತಾರೆ. ಹೋಗುವಾಗ ಒಂದು ಹೊತ್ತು, ಬರುವಾಗ ಇನ್ನೊಂದು. ಎರಡೂ ಊರುಗಳು ಇದ್ದಲ್ಲೇ ಇರುತ್ತವಲ್ಲ, ಹೊತ್ತು ಏಕೆ ಬದಲಾಗಬೇಕು?

ನಮ್ಮಿಬ್ಬರಿಗೂ ಎಪ್ಪತ್ತರ ಆಸುಪಾಸು. ಅವಳಿಗೆ ಮೊಣಕಾಲು ನೋವು. ಮಂಗಳೂರಿನ ಬಜಪೆ ನಿಲ್ದಾಣದಿಂದ ಗಲ್ಫ್ ಮೂಲಕ ಹೋಗುವುದೋ, ಕಣ್ಣೂರೋ, ಬೆಂಗಳೂರೋ? ನಾಲ್ಕು ಸಾವಿರ ರೂಪಾಯಿ ಉಳಿಯುವ ದಾರಿಗಿಂತ ಆಯಾಸ ಕಡಿಮೆ ಇರುವ ದಾರಿ ಬೇಕು. ಬಲ್ಲವರು ಹೇಳಿ.

ಮುಳ್ಳೇರಿಯ ತೋಟ
ಮಾಸ್ತರರೇ, 31 ಗಂಟೆ ಎಂದ ಏಜೆಂಟರೇ ಪ್ರಾಮಾಣಿಕರು. 17 ಎಂದವರು ನೀವು ಮನೆಯ ಜಗಲಿಯಿಂದ ನೇರವಾಗಿ ವಿಮಾನದ ಸೀಟಿಗೆ ಕಾಲಿಡುತ್ತೀರಿ ಎಂದುಕೊಂಡಿದ್ದಾರೆ.

ಆಕಾಶಮಾರ್ಗ
ಮೂರು ಅಂಕಿಗಳೂ ಸರಿಯೇ. 13,990 ಕಿಲೋಮೀಟರ್, 8,690 ಸಾಮಾನ್ಯ ಮೈಲಿ, 7,550 ನಾಟಿಕಲ್ ಮೈಲಿ. ನಾಟಿಕಲ್ ಮೈಲಿ ಎಂದರೆ 1.852 ಕಿಲೋಮೀಟರ್, ಅಕ್ಷಾಂಶದ ಒಂದು ಡಿಗ್ರಿಯ ಅರುವತ್ತನೇ ಒಂದು ಪಾಲು. ಹಡಗಿನವರೂ ವಿಮಾನದವರೂ ಇದನ್ನೇ ಬಳಸುತ್ತಾರೆ. ಕೆಲವು ಜಾಲತಾಣಗಳು ಯಾವ ಮಾನವೆಂದು ಬರೆಯದೆ ಅಂಕಿ ಮಾತ್ರ ಎಸೆಯುತ್ತವೆ, ಅಷ್ಟೇ.

ಇದು ಭೂಮಿಯ ಮೇಲ್ಮೈಯಲ್ಲಿ ಎರಡು ಊರುಗಳ ನಡುವಿನ ಅತ್ಯಂತ ಗಿಡ್ಡ ಗೆರೆಯ ಉದ್ದ. ಯಾವ ವಿಮಾನವೂ ಆ ಗೆರೆಯ ಮೇಲೆಯೇ ಹಾರುವುದಿಲ್ಲ. ಗಾಳಿ, ಪರ್ವತ, ಹಾರಾಟಕ್ಕೆ ಮುಚ್ಚಿದ ಆಕಾಶ, ನಿಲ್ದಾಣದ ಸುತ್ತಲಿನ ಸರದಿ, ಎಲ್ಲವೂ ಸೇರಿ ದಾರಿ ಒಂದಿಷ್ಟು ಬೆಳೆಯುತ್ತದೆ. 17 ಗಂಟೆಯ ಅಂಕಿ ಎಲ್ಲಿಂದ ಬಂತೆಂದರೆ, 2021ರ ಜನವರಿಯಲ್ಲಿ ಏರ್ ಇಂಡಿಯಾ ಸ್ಯಾನ್ ಫ್ರಾನ್ಸಿಸ್ಕೋ–ಬೆಂಗಳೂರು ನಡುವೆ ಎಲ್ಲೂ ಇಳಿಯದ ವಿಮಾನ ಆರಂಭಿಸಿತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದಲ್ಲಿ ಮಹಿಳಾ ಪೈಲಟ್‌ಗಳೇ ಉತ್ತರ ಧ್ರುವದ ಕಡೆಯಿಂದ ತಂದ ಮೊದಲ ಹಾರಾಟ ಅದು. ಸುಮಾರು 17 ಗಂಟೆ ಹಿಡಿಯಿತು. ಆ ಸೇವೆ ನಡುವೆ ನಿಂತು ಮತ್ತೆ ಶುರುವಾದದ್ದೂ ಇದೆ. ಆದ್ದರಿಂದ ನಂಬಿ ಕೂರಬೇಡಿ, ಟಿಕೆಟ್ ತೆಗೆಯುವ ದಿನ ವೇಳಾಪಟ್ಟಿಯಲ್ಲಿ ಇದೆಯೇ ನೋಡಿ.

ಮನೆಯಲ್ಲಿ ಭೂಗೋಳದ ಮಾದರಿ ಇದ್ದರೆ ಒಂದು ದಾರ ಎಳೆದು ನೋಡಿ. ಗೋಡೆಯ ನಕ್ಷೆಯನ್ನು ನೆಚ್ಚಬೇಡಿ. ಅದರಲ್ಲಿ ಧ್ರುವದ ಕಡೆಯ ನೆಲವೆಲ್ಲ ಹಿಗ್ಗಿರುತ್ತದೆ. ನಕ್ಷೆಯಲ್ಲಿ ಸುತ್ತುದಾರಿ ಎಂದು ಕಂಡದ್ದೇ ನಿಜವಾಗಿ ಹತ್ತಿರದ ದಾರಿ.

ಅನಂತಪುರದ ಅಕ್ಕ
ಮಾಸ್ತರರೇ, ಮೊದಲು ಒಂದು ಮಾತು. ಎರಡು ಬೇರೆ ಬೇರೆ ಟಿಕೆಟ್ ತೆಗೆಯಲೇಬೇಡಿ. ಬಜಪೆಯಿಂದ ದುಬೈಗೆ ಒಂದು ಕಂಪನಿ, ದುಬೈಯಿಂದ ಅಮೆರಿಕಕ್ಕೆ ಇನ್ನೊಂದು ಕಂಪನಿ ಎಂದು ಬಿಡಿಬಿಡಿಯಾಗಿ ತೆಗೆದರೆ ಅಗ್ಗವಾಗುತ್ತದೆ ಎಂದು ಊರಿನಲ್ಲಿ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಮೊದಲ ವಿಮಾನ ತಡವಾದರೆ ಎರಡನೆಯವರಿಗೆ ಅದರ ಹಂಗಿಲ್ಲ, ಟಿಕೆಟ್ ಹೋಯಿತು. ಪೆಟ್ಟಿಗೆಯೂ ನೇರವಾಗಿ ಹೋಗುವುದಿಲ್ಲ. ದುಬೈಯಲ್ಲಿ ಹೊರಗೆ ಬಂದು, ಪೆಟ್ಟಿಗೆ ತೆಗೆದುಕೊಂಡು, ಇನ್ನೊಂದು ಟರ್ಮಿನಲ್‌ಗೆ ಸಾಗಿ, ಮತ್ತೆ ಸಾಲು ನಿಲ್ಲಬೇಕು. ಹೊರಗೆ ಬರುವುದಕ್ಕೆ ಅಲ್ಲಿಯ ವೀಸಾ ಬೇರೆ ಬೇಕು. ಮೊಣಕಾಲು ನೋವಿನವರಿಗೆ ಇದೆಲ್ಲ ಆಗುವ ಮಾತಲ್ಲ.

ಶಾರ್ಜಾದಲ್ಲಿ ಪೆರ್ಲ
ಅಕ್ಕ ಹೇಳಿದ್ದು ನೂರಕ್ಕೆ ನೂರು. ಅದಕ್ಕೆ ಇನ್ನೊಂದು ಸೇರಿಸುತ್ತೇನೆ. ದುಬೈಯಲ್ಲಿ ಹೊರಗೆ ಬರುವುದಾದರೆ ಪೆಟ್ಟಿಗೆಯಲ್ಲಿ ಗಸಗಸೆ ಇರಲೇಬಾರದು. ಇಲ್ಲಿ ಅದು ಮಾದಕ ವಸ್ತುವಿನ ಲೆಕ್ಕದಲ್ಲಿ ಬರುತ್ತದೆ. ಬಾಣಂತಿಗೆಂದು ಮಾಡಿದ ಲೇಹ್ಯ, ಪುಡಿಗಳಲ್ಲಿ ಸೇರಿಕೊಂಡಿರುವ ಸಂಭವವಿದೆ, ಒಮ್ಮೆ ಕೇಳಿಕೊಳ್ಳಿ.

ಇನ್ನು ಹೊತ್ತಿನ ವಿಷಯ. ಮಂಗಳೂರಿನಿಂದ ದುಬೈ ನೇರ ಗೆರೆಯಲ್ಲಿ ಸುಮಾರು 2,460 ಕಿಲೋಮೀಟರ್. ನಮ್ಮ ಅಮ್ಮನ ಕೈಗೆ ಟಿಕೆಟ್ ಕೊಟ್ಟರೆ "ಎಂಟಕ್ಕೆ ಹೊರಟು ಹತ್ತಕ್ಕೆ ಮುಟ್ಟುತ್ತದೆ, ಎರಡೇ ಗಂಟೆ" ಎನ್ನುತ್ತಾರೆ. ಊರಿಗೆ ಬರುವ ಟಿಕೆಟ್ ನೋಡಿದರೆ ಹನ್ನೊಂದೂವರೆಗೆ ಹೊರಟು ಸಂಜೆ ನಾಲ್ಕು ದಾಟಿದ ಮೇಲೆ ಇಳಿಯುತ್ತದೆ. ಬರುವಾಗ ವಿಮಾನ ಎಲ್ಲಿ ಸುತ್ತಾಡುತ್ತದೆ ಎಂದು ಅವರ ಪ್ರಶ್ನೆ. ಟಿಕೆಟ್‌ನಲ್ಲಿ ಬರೆಯುವುದು ಆಯಾ ಊರಿನ ಗಡಿಯಾರದ ಸಮಯ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಲೆಕ್ಕ ಹಾಕಿದರೆ ಹೋಗುವಾಗ ಸುಮಾರು ಮೂರೂವರೆ ಗಂಟೆ, ಬರುವಾಗ ಮೂರು ಗಂಟೆಗೆ ತುಸು ಮೇಲೆ.

ಹೊಸಂಗಡಿ ಹುಡುಗ
ನನಗೆ ಇಲ್ಲೇ ತಲೆ ಕೆಡುವುದು. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದೆ. ಹಾಗಾದರೆ ವಿಮಾನ ಮೇಲೇರಿದ ಮೇಲೆ ದುಬೈಯೇ ನಮ್ಮ ಕಡೆಗೆ ತಿರುಗಿ ಬರಬೇಕಲ್ಲವೇ? ಹೋಗುವಾಗ ಬೇಗ ಮುಟ್ಟಬೇಕು. ಆದರೆ ಹೋಗುವಾಗಲೇ ಹೆಚ್ಚು ಹೊತ್ತು.

ಆಕಾಶಮಾರ್ಗ
ಪ್ರಶ್ನೆ ಒಳ್ಳೆಯದು. ನಮ್ಮ ಕಾಸರಗೋಡಿನ ನೆಲ ಗಂಟೆಗೆ ಸುಮಾರು 1,630 ಕಿಲೋಮೀಟರ್ ವೇಗದಲ್ಲಿ ಪೂರ್ವಕ್ಕೆ ಓಡುತ್ತಿದೆ. ನೀನು ಹೇಳಿದಂತೆ ಇದ್ದಿದ್ದರೆ ಒಂದು ಹೆಲಿಕಾಪ್ಟರ್ ತಾಳಿಪಡ್ಪು ಮೈದಾನದಿಂದ ಮೇಲೆದ್ದು ಒಂದೂವರೆ ಗಂಟೆ ಸುಮ್ಮನೆ ನಿಂತಿದ್ದರೆ ಸಾಕು, ಕೆಳಗೆ ಅರಬ್ಬೀ ಸಮುದ್ರದ ಆಚೆಯ ಅಂಚು ಬಂದಿರುತ್ತಿತ್ತು. ಹಾಗಾಗುವುದಿಲ್ಲ. ಏಕೆಂದರೆ ನೆಲದೊಡನೆ ಗಾಳಿಯೂ ತಿರುಗುತ್ತಿದೆ, ನೆಲದ ಮೇಲೆ ನಿಂತಿದ್ದ ವಿಮಾನಕ್ಕೂ ಆ ವೇಗ ಮೊದಲೇ ಇದೆ. ಓಡುವ ರೈಲಿನಲ್ಲಿ ನಾಣ್ಯ ಚಿಮ್ಮಿದರೆ ಅದು ನಿನ್ನ ಅಂಗೈಗೇ ಬೀಳುತ್ತದೆ, ಹಿಂದಿನ ಬೋಗಿಗೆ ಹೋಗುವುದಿಲ್ಲ.

ಹೊತ್ತು ಬದಲಿಸುವುದು ಮೇಲಿನ ಗಾಳಿ. ಒಂಬತ್ತರಿಂದ ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಕಿರಿದಾದ ಗಾಳಿಯ ಹೊಳೆಗಳಿವೆ, ಜೆಟ್ ಪ್ರವಾಹ ಎನ್ನುತ್ತಾರೆ. ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ, ಜಪಾನಿನ ಮೇಲೆ, ಪೆಸಿಫಿಕ್ ಸಾಗರದ ಮೇಲೆ ಅದರ ಅಬ್ಬರ ಹೆಚ್ಚು. ಜಪಾನಿನ ಬಳಿ ಗಂಟೆಗೆ 200 ಕಿಲೋಮೀಟರ್ ದಾಟುವುದು ಸಾಮಾನ್ಯ. ನಮ್ಮ ಮಳೆಗಾಲದಲ್ಲಿ ಮಾತ್ರ ದಕ್ಷಿಣ ಭಾರತದ ಮೇಲೆ ಇದಕ್ಕೆ ತದ್ವಿರುದ್ಧ. ನೆಲದ ಬಳಿ ನೈಋತ್ಯ ಮಾರುತ, ಮೇಲೆ ಪೂರ್ವದಿಂದ ಪಶ್ಚಿಮಕ್ಕೆ ಬೀಸುವ ಬಿರುಗಾಳಿ. ಇದನ್ನು ಗುರುತಿಸಿದವರು ಭಾರತದವರೇ, ಪಿ. ಕೋಟೇಶ್ವರಂ, 1950ರ ದಶಕದಲ್ಲಿ. ಆದ್ದರಿಂದ ಮಂಗಳೂರು–ದುಬೈ ನಡುವೆ ಹೋಗುವ ಬರುವ ಹೊತ್ತಿನ ಅಂತರ ವರ್ಷವಿಡೀ ಒಂದೇ ಸಮ ಇರುವುದಿಲ್ಲ.

ಮಾಸ್ತರರಿಗೆ ಒಂದು ಸಣ್ಣ ಲೆಕ್ಕ. 14,000 ಕಿಲೋಮೀಟರ್ ದೂರ, ವಿಮಾನದ ವೇಗ 900, ಗಾಳಿ ಇಲ್ಲ ಎಂದಿಟ್ಟುಕೊಳ್ಳಿ. ಹೋಗಿ ಬರಲು ಒಟ್ಟು 31.1 ಗಂಟೆ. ಈಗ ಒಂದು ಕಡೆಗೆ 100ರ ಗಾಳಿ ಬೀಸಲಿ. ಬೆನ್ನಿಗಿದ್ದಾಗ 14 ಗಂಟೆ, ಎದುರಿಗಿದ್ದಾಗ 17.5. ಒಟ್ಟು 31.5. ಗಾಳಿ ಒಂದು ಕಡೆ ಕೊಟ್ಟದ್ದನ್ನು ಇನ್ನೊಂದು ಕಡೆ ಬಡ್ಡಿ ಸೇರಿಸಿ ಕಿತ್ತುಕೊಳ್ಳುತ್ತದೆ.

ಹೊಸದುರ್ಗದವ
ಕಣ್ಣೂರು ವಿಮಾನ ನಿಲ್ದಾಣದ ಬಗ್ಗೆ ಯಾರೂ ಮಾತೇ ಎತ್ತುತ್ತಿಲ್ಲ. 2018ರ ಡಿಸೆಂಬರ್ 9ರಂದು ಶುರುವಾದದ್ದು, ಓಡುದಾರಿ 3,050 ಮೀಟರ್. ಬಜಪೆಯದು 2,450. ನಮ್ಮ ಹೊಸದುರ್ಗದವರಿಗೆ ಆ ನಿಲ್ದಾಣವಿರುವ ಮಟ್ಟನ್ನೂರೂ ಬಜಪೆಯೂ ಹೆಚ್ಚು ಕಡಿಮೆ ಒಂದೇ ದೂರ.

ಶಾರ್ಜಾದಲ್ಲಿ ಪೆರ್ಲ
ಓಡುದಾರಿ ಉದ್ದವಿದ್ದರೆ ಸಾಲದು ಅಣ್ಣ. ವಿದೇಶಿ ಕಂಪನಿಗಳಿಗೆ ಅಲ್ಲಿ ಇಳಿಯಲು ಕೇಂದ್ರದ ಒಪ್ಪಿಗೆ ಬೇಕು, ಅದಕ್ಕಾಗಿ ಕಣ್ಣೂರಿನವರು ವರ್ಷಗಳಿಂದ ಕೂಗುತ್ತಿದ್ದಾರೆ. ಗಲ್ಫ್‌ಗೆ ಹೋಗಲು ಸರಿ. ಅಮೆರಿಕಕ್ಕೆ ಹೋಗುವ ಮಾಸ್ತರರಿಗೆ ನೀರ್ಚಾಲಿನಿಂದ ತೆಂಕಿಗೆ ಇಳಿದು ಏನು ಲಾಭ?

ಉಪ್ಪಳದ ಟ್ಯಾಕ್ಸಿ
ಬಜಪೆ ದಾರಿಯ ಹೊತ್ತು ನಾನು ಹೇಳುತ್ತೇನೆ. ನೀರ್ಚಾಲಿನಿಂದ ಸೀತಾಂಗೋಳಿ ಮೂಲಕ ಕುಂಬಳೆಗೆ ಇಳಿದು ಹೆದ್ದಾರಿ ಹಿಡಿಯಬೇಕು. ತಲಪಾಡಿಯವರೆಗೆ ತೊಂದರೆಯಿಲ್ಲ, ಆರು ಪಥದ ರಸ್ತೆ. ತೊಕ್ಕೊಟ್ಟಿನಿಂದ ನಿಮ್ಮ ಗ್ರಹಚಾರ ಶುರು. ನೇತ್ರಾವತಿ ಸೇತುವೆ, ಪಂಪ್‌ವೆಲ್, ನಂತೂರು. ನಂತೂರು ವೃತ್ತದಲ್ಲಿ ಸಂಜೆ ಆರಕ್ಕೆ ಸಿಕ್ಕಿಕೊಂಡರೆ ಎಂಜಿನ್ ಆರಿಸಿ ಕೂರಬೇಕು. ಅದಾದ ಮೇಲೆ ಕಾವೂರು ದಾಟಿ ಕೆಂಜಾರಿನ ಏರು. ಬೆಳಗಿನ ಜಾವ ಒಂದೂವರೆ ಗಂಟೆಯಲ್ಲಿ ಮುಟ್ಟಿಸುವ ದಾರಿಗೆ ಸಂಜೆ ಎರಡೂಕಾಲು ಇಟ್ಟುಕೊಳ್ಳುವುದು ಕ್ಷೇಮ. ಅಂತರರಾಷ್ಟ್ರೀಯ ವಿಮಾನಕ್ಕೆ ಮೂರು ಗಂಟೆ ಮೊದಲು ಅಲ್ಲಿರಬೇಕು. ಅಲ್ಲಿಗೆ ಐದು ಗಂಟೆ ಕಳೆಯಿತು, ಇನ್ನೂ ನೆಲ ಬಿಟ್ಟಿಲ್ಲ.

ನಾನು ಇಳಿಸಿ ಬಂದವರಲ್ಲಿ ವಿಮಾನ ತಪ್ಪಿಸಿಕೊಂಡವರಿದ್ದಾರೆ. ದೂರದ ಊರಿನವರಲ್ಲ, ಮಂಜೇಶ್ವರದ ಕಡೆಯವರೇ. ಹತ್ತಿರವಲ್ಲವೇ ಎಂದು ತಡವಾಗಿ ಹೊರಡುತ್ತಾರೆ.

ಮುಳ್ಳೇರಿಯ ತೋಟ
ಇನ್ನೊಂದು ತಮಾಷೆ ಕೇಳಿ. ನಮ್ಮ ರಾಜಧಾನಿ ತಿರುವನಂತಪುರಕ್ಕೆ ಕಾಸರಗೋಡಿನಿಂದ ವಂದೇ ಭಾರತ್ ಹಿಡಿದರೂ ಎಂಟು ಗಂಟೆ. ಬಜಪೆಯಿಂದ ದುಬೈ ಮೂರೂವರೆ. ರಾಜಧಾನಿಯಲ್ಲಿ ಕೆಲಸವಿದ್ದವನು ಚೆಂಗನ್ನೂರಿನಲ್ಲಿ ಚಹಾ ಕುಡಿಯುವಾಗ ದುಬೈಯಲ್ಲಿ ಕೆಲಸವಿದ್ದವನು ಕೆಲಸ ಮುಗಿಸಿ ಊಟಕ್ಕೆ ಕುಳಿತಿರುತ್ತಾನೆ.

ಹೊಸದುರ್ಗದವ
ಕೊಂಕಣ ರೈಲು ಬರುವ ಮೊದಲು, ಅಂದರೆ 1998ಕ್ಕೆ ಮೊದಲು, ಮುಂಬೈಗೆ ಹೋಗುವವರ ಪಾಡು ನೆನಪಿಸಿಕೊಳ್ಳಿ. ರೈಲಿನಲ್ಲಾದರೆ ತೆಂಕಿಗೆ ಹೋಗಿ ಪಾಲಕ್ಕಾಡು ದಾಟಿ ಅರ್ಧ ದಕ್ಷಿಣ ಭಾರತ ಸುತ್ತಬೇಕಿತ್ತು. ಗಲ್ಫ್‌ಗೆ ಹೊರಟವರು ಮೊದಲು ಮುಂಬೈಗೆ ಬಸ್ಸಿನಲ್ಲಿ ಹೋಗಿ ಅಲ್ಲಿ ಟಿಕೆಟ್‌ಗೆ ಕಾದು ಕುಳಿತಿರುತ್ತಿದ್ದರು. ಬಜಪೆಯಿಂದ ದುಬೈಗೆ ನೇರ ವಿಮಾನ ಬಂದದ್ದು 2006ರಲ್ಲಿ.

ನೀರ್ಚಾಲು ಮಾಸ್ತರ
ಎಲ್ಲರಿಗೂ ಧನ್ಯವಾದ. ಆಕಾಶಮಾರ್ಗದವರ ಮಾತಿನಂತೆ ಅಟ್ಟದಿಂದ ಭೂಗೋಳ ಇಳಿಸಿದೆ. ಶಾಲೆಯಲ್ಲಿ ಬಳಸುವ ಅಳತೆಯದು, 30 ಸೆಂಟಿಮೀಟರ್ ವ್ಯಾಸ. ನೂಲು ಹಿಗ್ಗುತ್ತದೆಂದು ಮನೆಯವಳು ಹೂ ಕಟ್ಟಲು ನೆನೆಹಾಕಿದ್ದ ಬಾಳೆನಾರು ಕೊಟ್ಟಳು. ಸುತ್ತಳತೆ 94 ಸೆಂಟಿಮೀಟರ್, ಭೂಮಿಯದು 40,000 ಕಿಲೋಮೀಟರ್, ಅಂದರೆ ಒಂದು ಸೆಂಟಿಮೀಟರಿಗೆ 425 ಕಿಲೋಮೀಟರ್.

ಬೆಂಗಳೂರಿನಲ್ಲಿ ಒಂದು ತುದಿ ಹೆಬ್ಬೆರಳಿನಿಂದ ಒತ್ತಿ, ಇನ್ನೊಂದು ತುದಿ ಸ್ಯಾನ್ ಫ್ರಾನ್ಸಿಸ್ಕೋಗೆ ಬಿಗಿದೆ. ನಾರು ತಾನಾಗಿಯೇ ಜಾರಿ ಜಾಗ ಹುಡುಕಿಕೊಂಡಿತು. ಪೂರ್ವಕ್ಕೂ ಹೋಗಲಿಲ್ಲ, ಪಶ್ಚಿಮಕ್ಕೂ ಹೋಗಲಿಲ್ಲ. ನೇಪಾಳ, ಟಿಬೆಟ್, ಮಂಗೋಲಿಯದ ಪಶ್ಚಿಮದ ಅಂಚು, ಸೈಬೀರಿಯ, ರಷ್ಯದ ಉತ್ತರ ಕಡಲತೀರ, ಆಮೇಲೆ ಅಲಾಸ್ಕ, ಕೆನಡದ ಕರಾವಳಿ ಹಿಡಿದು ಕೆಳಗೆ. ಉದ್ದ 33 ಸೆಂಟಿಮೀಟರ್. ಪೆಸಿಫಿಕ್ ಸಾಗರವನ್ನು ಅದು ದಾಟಲೇ ಇಲ್ಲ, ಬರಿಯ ಅಂಚು ಸವರಿತು.

ದುಬೈಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಳೆದಾಗ ಇನ್ನೂ ವಿಚಿತ್ರ. ನಾರು ನೇರವಾಗಿ ನೆತ್ತಿಗೇ ಏರಿತು. ಅಲ್ಲಿ ಗೋಳವನ್ನು ಕಂಬಿಗೆ ಬಿಗಿದಿರುವ ಸ್ಕ್ರೂ ಅಡ್ಡ ಬಂತು. ಸ್ಕ್ರೂ ಕಳಚಿದ ಮೇಲೆಯೇ ಅಳತೆ ಸಿಕ್ಕಿತು, ಮೂವತ್ತೂವರೆ ಸೆಂಟಿಮೀಟರ್. ವಿಮಾನ ನಿಜವಾಗಿ ಧ್ರುವದ ಮೇಲೆಯೇ ಹೋಗುತ್ತದೆಯೇ?

ಆಕಾಶಮಾರ್ಗ
ನಿಮ್ಮ ಬಾಳೆನಾರಿಗೆ ನಮಸ್ಕಾರ. ದುಬೈಯ ರೇಖಾಂಶಕ್ಕೂ ಸ್ಯಾನ್ ಫ್ರಾನ್ಸಿಸ್ಕೋದ ರೇಖಾಂಶಕ್ಕೂ ಇರುವ ಅಂತರ 178 ಡಿಗ್ರಿಗೆ ಬಹಳ ಹತ್ತಿರ. ಅಂದರೆ ಒಂದು ಇನ್ನೊಂದರ ಬೆನ್ನ ಹಿಂದೆಯೇ ಇದೆ. ಹೀಗಿದ್ದಾಗ ಹತ್ತಿರದ ಗೆರೆ ಧ್ರುವದಿಂದ ಸುಮಾರು 200 ಕಿಲೋಮೀಟರ್ ಅಂತರದಲ್ಲಿ ಹಾದುಹೋಗುತ್ತದೆ. ದೂರ 13,020 ಕಿಲೋಮೀಟರ್, ಹೊತ್ತು ಸುಮಾರು 16 ಗಂಟೆ. ಆ ಹಾದಿಯ ಆಸುಪಾಸಿನಲ್ಲಿ ವಿಮಾನಗಳು ಹಾರುತ್ತವೆ. ಅಲ್ಲಿ ಹೊರಗಿನ ಚಳಿ ಮೈನಸ್ 60 ದಾಟಬಹುದು. ವಿಮಾನದ ಇಂಧನವಾದ ಜೆಟ್ ಎ-1 ಹೆಪ್ಪುಗಟ್ಟುವ ಮಟ್ಟ ಮೈನಸ್ 47. ಹಾಗಾಗಿ ಪೈಲಟ್‌ಗಳು ಟ್ಯಾಂಕಿನ ಉಷ್ಣತೆಯ ಮೇಲೆ ಕಣ್ಣಿಟ್ಟಿರುತ್ತಾರೆ. ತೀರಾ ಇಳಿದರೆ ಎತ್ತರ ತಗ್ಗಿಸುತ್ತಾರೆ ಇಲ್ಲವೇ ವೇಗ ಹೆಚ್ಚಿಸುತ್ತಾರೆ.

ಬೆಂಗಳೂರಿನ ನಾರು ಟಿಬೆಟ್ ಮೇಲೆ ಹೋದದ್ದು ನೋಡಿದಿರಿ. ವಿಮಾನಗಳು ಆ ಪ್ರಸ್ಥಭೂಮಿಯನ್ನು ಸಾಮಾನ್ಯವಾಗಿ ತಪ್ಪಿಸಿ ಸುತ್ತಿಕೊಂಡೇ ಹೋಗುತ್ತವೆ. ಒಳಗಿನ ಗಾಳಿಯ ಒತ್ತಡ ಕುಸಿದರೆ ಹತ್ತು ಸಾವಿರ ಅಡಿಗೆ ಇಳಿಯಬೇಕು. ಅಲ್ಲಿ ನೆಲವೇ ಅದಕ್ಕಿಂತ ಎತ್ತರ, ಇಳಿಯುವುದೆಲ್ಲಿಗೆ?

ಹೊಸಂಗಡಿ ಹುಡುಗ
ರಷ್ಯದ ಆಕಾಶ ಮುಚ್ಚಿದೆ ಎಂದು ಓದಿದ್ದೆ.

ಆಕಾಶಮಾರ್ಗ
2022ರಿಂದ ಅಮೆರಿಕ, ಯುರೋಪಿನ ಕಂಪನಿಗಳಿಗೆ ಮುಚ್ಚಿದೆ. ಭಾರತದ, ಗಲ್ಫ್‌ನ ಕಂಪನಿಗಳಿಗೆ ಮುಚ್ಚಿಲ್ಲ. ನಮ್ಮ ಕಂಪನಿಗಳಿಗೆ ಪಾಕಿಸ್ತಾನದ ಆಕಾಶ ಮುಚ್ಚಿದ್ದು 2025ರ ಏಪ್ರಿಲ್ 24ರಂದು. ದೆಹಲಿಯಿಂದ ಅಮೆರಿಕಕ್ಕೆ ಹೋಗುವ ವಿಮಾನಗಳು ಸುತ್ತಿ ಹೋಗಬೇಕಾಗಿ, ಇಂಧನ ತುಂಬಲು ಯುರೋಪಿನಲ್ಲಿ ಇಳಿದದ್ದೂ ಉಂಟು. ಎರಡು ಊರುಗಳ ನಡುವಿನ ದೂರ ಒಂದು ಮೀಟರೂ ಹೆಚ್ಚಲಿಲ್ಲ, ಪ್ರಯಾಣ ಮಾತ್ರ ಗಂಟೆಗಟ್ಟಲೆ ಬೆಳೆಯಿತು. ಮಂಗಳೂರು–ದುಬೈ ದಾರಿ ಅರಬ್ಬೀ ಸಮುದ್ರದ ಮೇಲೆಯೇ ಇರುವುದರಿಂದ ಅದಕ್ಕೆ ಆ ಬಿಸಿ ತಟ್ಟಲಿಲ್ಲ.

ಶಾರ್ಜಾದಲ್ಲಿ ಪೆರ್ಲ
ಇಲ್ಲಿಯ ಬಿಸಿ ಬೇರೆ. 2024ರ ಏಪ್ರಿಲ್‌ನಲ್ಲಿ ಒಂದೇ ದಿನದ ಮಳೆಗೆ ದುಬೈ ನಿಲ್ದಾಣ ಮುಳುಗಿತು. 2025ರ ಜೂನ್‌ನಲ್ಲಿ ಕತಾರಿನ ಆಕಾಶವೇ ಕೆಲವು ಗಂಟೆ ಮುಚ್ಚಿತು. ಹಾಗೆಂದು ಗಲ್ಫ್ ದಾರಿ ಕೆಟ್ಟದ್ದಲ್ಲ. ಬಿಡಿ ಟಿಕೆಟ್ ಇದ್ದವರು ಆ ದಿನಗಳಲ್ಲಿ ಕಂಬದಿಂದ ಕಂಬಕ್ಕೆ ಅಲೆದರು, ಒಂದೇ ಟಿಕೆಟ್ ಇದ್ದವರಿಗೆ ಬೇರೆ ವಿಮಾನದಲ್ಲಿ ಜಾಗ ಕೊಡುವುದು ಕಂಪನಿಯ ಹೊಣೆಯಾಯಿತು.

ನಿಮ್ಮ ಮಗಳು ಚಿಕಾಗೋ, ನ್ಯೂಯಾರ್ಕ್ ಕಡೆ ಇದ್ದಿದ್ದರೆ ಅಬುಧಾಬಿ ಮೂಲಕ ಹೋಗಿ ಎನ್ನುತ್ತಿದ್ದೆ. ಅಮೆರಿಕದ ವಲಸೆ ತಪಾಸಣೆ ಅಲ್ಲೇ ಮುಗಿಯುತ್ತದೆ, ಇಳಿದ ಮೇಲೆ ಸಾಲು ನಿಲ್ಲುವ ಕೆಲಸವಿಲ್ಲ.

ಅನಂತಪುರದ ಅಕ್ಕ
ನೀವೆಲ್ಲ ಧ್ರುವದಲ್ಲೇ ಇದ್ದೀರಿ, ಮಾಸ್ತರರ ಮನೆಯವರ ಮೊಣಕಾಲಿಗೆ ಬನ್ನಿ. ನನ್ನ ಮಗನಿರುವುದೂ ಅದೇ ಊರಿನ ಹತ್ತಿರ, ಆದ್ದರಿಂದ ಹೇಳುತ್ತೇನೆ.

ಟಿಕೆಟ್ ತೆಗೆಯುವಾಗಲೇ ಇಬ್ಬರಿಗೂ ಗಾಲಿಕುರ್ಚಿ ಕೇಳಿ, ಅದಕ್ಕೆ ದುಡ್ಡಿಲ್ಲ. ನಡೆಯಲು ಬರುತ್ತದೆ ಎಂಬ ಬಿಗುಮಾನ ಬೇಡ. ದೊಡ್ಡ ನಿಲ್ದಾಣಗಳಲ್ಲಿ ಒಂದು ಗೇಟಿನಿಂದ ಇನ್ನೊಂದಕ್ಕೆ ನಡೆಯುವ ದೂರ ಕುಂಬಳೆ ಪೇಟೆಯ ಈ ತುದಿಯಿಂದ ಆ ತುದಿಗೂ ಮಿಕ್ಕಿದ್ದು. ಒಳಗೆ ಹಾದಿಯ ಬದಿಯ ಸೀಟು ತೆಗೆದುಕೊಳ್ಳಿ. ಕಿಟಕಿಯ ಆಸೆ ಮೊದಲ ಅರ್ಧ ಗಂಟೆಗೆ ಮುಗಿಯುತ್ತದೆ, ಶೌಚಕ್ಕೆ ಏಳುವ ಕಷ್ಟ ಹದಿನೈದು ಗಂಟೆಯೂ ಇರುತ್ತದೆ. ಒಂದೆರಡು ಗಂಟೆಗೊಮ್ಮೆ ಎದ್ದು ನಡೆಯಬೇಕು, ಕಾಲಿನ ರಕ್ತ ಹೆಪ್ಪುಗಟ್ಟುವ ಅಪಾಯ ವಯಸ್ಸಾದವರಿಗೆ ಹೆಚ್ಚು. ಬಿಗಿ ಕಾಲುಚೀಲ ಹಾಕಬಹುದೇ ಎಂದು ವೈದ್ಯರನ್ನು ಕೇಳಿ. ಮಾತ್ರೆಗಳು ಕೈಚೀಲದಲ್ಲಿ, ಚೀಟಿಯ ಸಮೇತ. ವಿಮಾನದೊಳಗಿನ ಗಾಳಿ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟು ತೆಳು. ಮುಳ್ಳಯ್ಯನಗಿರಿಯ ತುದಿಯೇ ಆರು ಸಾವಿರದ ಮುನ್ನೂರು ಅಡಿ. ಉಬ್ಬಸ, ಹೃದಯದ ತೊಂದರೆ ಇದ್ದರೆ ವೈದ್ಯರಿಗೆ ಈ ಮಾತು ಹೇಳಲೇಬೇಕು.

ತಿಂಡಿ ಒಯ್ಯುವುದು ಇದ್ದೇ ಇದೆ. ಹಲಸಿನ ಹಪ್ಪಳ, ಮಾಂಬಳ ತೊಂದರೆಯಿಲ್ಲ, ಆದರೆ ಅಮೆರಿಕದಲ್ಲಿ ಕೇಳಿದಾಗ ತಿನ್ನುವ ವಸ್ತು ಇದೆ ಎಂದು ಹೇಳಿಬಿಡಬೇಕು. ಹಸಿ ಕರಿಬೇವು ಬಿಡುವುದಿಲ್ಲ. ಒಣಕೊಬ್ಬರಿ ಒಯ್ಯಬೇಡಿ. ಎಣ್ಣೆಯಂಶದಿಂದಾಗಿ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ಸರಕು ಎಂದು ಅದು ವಿಮಾನಗಳ ಅಪಾಯಕಾರಿ ವಸ್ತುಗಳ ಪಟ್ಟಿಯಲ್ಲಿದೆ.

ಮುಳ್ಳೇರಿಯ ತೋಟ
ಕೊಬ್ಬರಿಯೂ ಬೇಡ, ಗಸಗಸೆಯೂ ಬೇಡ. ಇನ್ನು ಅಡಿಕೆಯೂ ಬೇಡ ಎಂದರೆ ನಾನು ಈ ಜನ್ಮದಲ್ಲಿ ವಿಮಾನ ಹತ್ತುವುದಿಲ್ಲ.

ಆಕಾಶಮಾರ್ಗ
ಮಾಸ್ತರರ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಎರಡು ದಾರಿಗಳನ್ನು ಪಕ್ಕಪಕ್ಕ ಇಡಿ. ಮಂಗಳೂರು–ದುಬೈ–ಸ್ಯಾನ್ ಫ್ರಾನ್ಸಿಸ್ಕೋ 2,460ಕ್ಕೆ 13,020 ಸೇರಿಸಿ 15,480 ಕಿಲೋಮೀಟರ್. ಗಾಳಿಯಲ್ಲಿರುವ ಹೊತ್ತು ಮೂರೂವರೆ ಮತ್ತು ಹದಿನಾರು, ಒಟ್ಟು ಹತ್ತೊಂಬತ್ತೂವರೆ ಗಂಟೆ. ಬೆಂಗಳೂರು–ಸಿಂಗಾಪುರ–ಸ್ಯಾನ್ ಫ್ರಾನ್ಸಿಸ್ಕೋ 3,180ಕ್ಕೆ 13,590 ಸೇರಿಸಿ 16,770 ಕಿಲೋಮೀಟರ್. ಗಾಳಿಯಲ್ಲಿರುವ ಹೊತ್ತು ನಾಲ್ಕೂವರೆ ಮತ್ತು ಹದಿನೈದು, ಇದೂ ಹತ್ತೊಂಬತ್ತೂವರೆ. 1,290 ಕಿಲೋಮೀಟರ್ ಹೆಚ್ಚು ಹಾರಿದರೂ ಹೊತ್ತು ಅಷ್ಟೇ. ಪೆಸಿಫಿಕ್ ಮೇಲೆ ಚಳಿಗಾಲದ ಗಾಳಿ ಬೆನ್ನಿಗೆ ಸಿಗುವುದೇ ಕಾರಣ. ಬರುವಾಗ ಅದೇ ಗಾಳಿ ಎದುರಾಗಿ ಹದಿನೈದು ಗಂಟೆಯದು ಹದಿನೇಳು ದಾಟುತ್ತದೆ.

ಹಾಗಾಗಿ ಕಿಲೋಮೀಟರ್ ನೋಡಿ ದಾರಿ ಆರಿಸುವುದು ವ್ಯರ್ಥ. ಎಲ್ಲಿ ಎಷ್ಟು ಹೊತ್ತು ಕಾಯಬೇಕು, ಎಷ್ಟು ಸಲ ಇಳಿದು ಹತ್ತಬೇಕು, ಅದನ್ನು ನೋಡಿ. ಗಿಡ್ಡ ಹಾರಾಟದಲ್ಲಂತೂ ದೂರಕ್ಕೆ ಅರ್ಥವೇ ಇಲ್ಲ. ಮಂಗಳೂರಿನಿಂದ ಬೆಂಗಳೂರು ಆಕಾಶದಲ್ಲಿ 300 ಕಿಲೋಮೀಟರ್, ವೇಳಾಪಟ್ಟಿಯಲ್ಲಿ ಒಂದು ಗಂಟೆಗೂ ಮಿಕ್ಕಿ. ಗೇಟು ಬಿಟ್ಟ ಕ್ಷಣದಿಂದ ಇನ್ನೊಂದು ಗೇಟು ಸೇರುವವರೆಗಿನ ಹೊತ್ತನ್ನು ಕಂಪನಿಗಳು ಬರೆಯುತ್ತವೆ. ಅದರಲ್ಲಿ ನೆಲದ ಮೇಲೆ ಉರುಳುವುದು, ಏರುವುದು, ಇಳಿಯುವುದೇ ಬಹುಪಾಲು. ದೊಡ್ಡ ವಿಮಾನಕ್ಕೆ ನನ್ನ ಒರಟು ಲೆಕ್ಕ ಇದು: ದೂರವನ್ನು 850ರಿಂದ ಭಾಗಿಸಿ ಅರ್ಧ ಗಂಟೆ ಸೇರಿಸಿ, ಆಮೇಲೆ ಗಾಳಿಗೆ ಒಂದಿಷ್ಟು ಕೂಡಿಸಿ ಕಳೆಯಿರಿ.

ಹೊಸದುರ್ಗದವ
ಬೆಂಗಳೂರು ದಾರಿ ಎಂದರೆ ಘಟ್ಟ ಹತ್ತಬೇಕು. ಶಿರಾಡಿಯೋ ಸಂಪಾಜೆಯೋ? 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಮುಚ್ಚಿದ್ದು ಮರೆತಿರಾ?

ಉಪ್ಪಳದ ಟ್ಯಾಕ್ಸಿ
ಅದು ಆಗಸ್ಟ್, ಇದು ನವೆಂಬರ್. ಮಳೆಗಾಲದಲ್ಲಾದರೆ ಬಜಪೆಯೂ ಅಷ್ಟೇ. ಗುಡ್ಡದ ತಲೆಯ ಮೇಲಿನ ನಿಲ್ದಾಣಕ್ಕೆ ಮೋಡ ಕವಿದರೆ ವಿಮಾನ ಬೆಂಗಳೂರಿಗೋ ಕೊಚ್ಚಿಗೋ ತಿರುಗುತ್ತದೆ.

ಅನಂತಪುರದ ಅಕ್ಕ
ಬಸ್ಸು ಏಕೆ? ಕಣ್ಣೂರಿನಿಂದ ಹೊರಟು ಮಂಗಳೂರು ಮಾರ್ಗವಾಗಿ ಬೆಂಗಳೂರಿಗೆ ಹೋಗುವ ರಾತ್ರಿ ರೈಲಿದೆ, ಕಾಸರಗೋಡಿನಲ್ಲೇ ಹತ್ತಬಹುದು. ಕೆಳಗಿನ ಬರ್ತ್ ಸಿಕ್ಕಿದರೆ ಕಾಲು ಚಾಚಿ ಮಲಗಬಹುದು. ಆದರೆ ರೈಲು ಇಳಿದ ದಿನವೇ ವಿಮಾನ ಹತ್ತಬೇಡಿ. ರೈಲು ನಿಲ್ದಾಣದಿಂದ ದೇವನಹಳ್ಳಿ ಸುಮಾರು 35 ಕಿಲೋಮೀಟರ್, ಬೆಂಗಳೂರಿನ ವಾಹನ ದಟ್ಟಣೆಗೆ ಹೊತ್ತುಗೊತ್ತಿಲ್ಲ. ನೆಂಟರ ಮನೆಯಲ್ಲಿ ಒಂದು ರಾತ್ರಿ ಉಳಿದು, ಬಿಸಿನೀರು ಮಿಂದು, ಮರುದಿನ ಹೊರಡಿ.

ಮುಳ್ಳೇರಿಯ ತೋಟ
ಹಾಗಾದರೆ 31 ಗಂಟೆ ಹೋಗಿ ಮೂರು ದಿನವಾಯಿತು!

ಅನಂತಪುರದ ಅಕ್ಕ
ಆಗಲಿ. ಬಾಣಂತನ ಮಾಡಲು ಹೋಗುವವರು ತಾವೇ ಹಾಸಿಗೆ ಹಿಡಿಯುವುದಕ್ಕಿಂತ ಮೇಲು.

ನೀರ್ಚಾಲು ಮಾಸ್ತರ
ಮನೆಯವಳಿಗೆ ಅಕ್ಕನ ಮಾತೇ ಹಿಡಿಸಿತು. ಬೆಂಗಳೂರಿನಲ್ಲಿ ಅವಳ ತಮ್ಮನಿದ್ದಾನೆ. ನಿನ್ನೆ ಟಿಕೆಟ್ ತೆಗೆದೆವು, ಬೆಂಗಳೂರು–ಸಿಂಗಾಪುರ–ಸ್ಯಾನ್ ಫ್ರಾನ್ಸಿಸ್ಕೋ, ಒಂದೇ ಟಿಕೆಟ್, ಎರಡು ಗಾಲಿಕುರ್ಚಿ, ಎರಡೂ ಹಾದಿಯ ಬದಿಯ ಸೀಟು. ಪೆಟ್ಟಿಗೆ ನೇರವಾಗಿ ಹೋಗುತ್ತದೆ, ನಿಲ್ದಾಣದಿಂದ ಹೊರಗೆ ಬಾರದಿದ್ದರೆ ಸಿಂಗಾಪುರದ ವೀಸಾವೂ ಬೇಡ ಎಂದರು.

ಟಿಕೆಟ್ ಓದುವಾಗ ಒಂದು ಕಂಡಿತು. ಸಿಂಗಾಪುರದಿಂದ ಬೆಳಿಗ್ಗೆ 9:15ಕ್ಕೆ ಹೊರಡುವುದು, ಸ್ಯಾನ್ ಫ್ರಾನ್ಸಿಸ್ಕೋಗೆ ಅದೇ ದಿನ ಬೆಳಿಗ್ಗೆ 8:15ಕ್ಕೆ ಇಳಿಯುವುದು. ಏಜೆಂಟರಿಗೆ ಹೇಳಿದರೆ ನಕ್ಕರು. ಗ್ರೀನಿಚ್‌ಗೆ ಸಿಂಗಾಪುರ ಎಂಟು ಗಂಟೆ ಮುಂದೆ, ಸ್ಯಾನ್ ಫ್ರಾನ್ಸಿಸ್ಕೋ ಎಂಟು ಗಂಟೆ ಹಿಂದೆ, ಒಟ್ಟು ಹದಿನಾರು. ಹಾರಾಟ ಹದಿನೈದು. ಹೊರಟದ್ದಕ್ಕಿಂತ ಒಂದು ಗಂಟೆ ಮೊದಲೇ ಮುಟ್ಟಿದ ಹಾಗಾಯಿತು. ಅಂತರರಾಷ್ಟ್ರೀಯ ದಿನರೇಖೆಯ ಪಾಠವನ್ನು ವರ್ಷವರ್ಷವೂ ಮಾಡಿದ್ದೆ, ಮಕ್ಕಳು ಆಕಳಿಸುತ್ತಿದ್ದರು. ಈ ಟಿಕೆಟ್ ಆಗ ಕೈಯಲ್ಲಿರಬೇಕಿತ್ತು.

ಹೊಸಂಗಡಿ ಹುಡುಗ
ಅಲ್ಲಿ ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದಿಡುತ್ತಾರಲ್ಲ, ಆಗ?

ಆಕಾಶಮಾರ್ಗ
ಮಾರ್ಚ್ ಎರಡನೆಯ ಭಾನುವಾರದಿಂದ ನವೆಂಬರ್ ಮೊದಲನೆಯ ಭಾನುವಾರದವರೆಗೆ ಅಂತರ ಹದಿನೈದಕ್ಕೆ ಇಳಿಯುತ್ತದೆ. ಆಗ ಹೊರಟ ಹೊತ್ತಿಗೇ ಮುಟ್ಟಿದ ಹಾಗೆ. ನಮ್ಮ ಗಡಿಯಾರಕ್ಕೂ ಅವರದಕ್ಕೂ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಬರುವಾಗ ಲೆಕ್ಕ ತಿರುಗುಮುರುಗು. ಒಂದನೆಯ ತಾರೀಖು ರಾತ್ರಿ ಹತ್ತಕ್ಕೆ ಅಲ್ಲಿಂದ ಹೊರಟರೆ ಸಿಂಗಾಪುರದಲ್ಲಿ ಇಳಿಯುವಾಗ ಮೂರನೆಯ ತಾರೀಖು ಬೆಳಗ್ಗೆ ಏಳು. ಎರಡನೆಯ ತಾರೀಖು ನಿಮ್ಮ ಪಾಲಿಗೆ ಹೆಚ್ಚುಕಡಿಮೆ ಇಲ್ಲ.

ಅನಂತಪುರದ ಅಕ್ಕ
ಮಾಸ್ತರರೇ, ಇಳಿಯುವ ತಾರೀಖನ್ನು ಅಲ್ಲಿಯ ಕ್ಯಾಲೆಂಡರಿನಂತೆಯೇ ಮಗಳಿಗೆ ಬರೆದು ಕಳುಹಿಸಿ, ನಮ್ಮ ಪಂಚಾಂಗ ನೋಡಿ ಹೇಳಬೇಡಿ. ತುಂಬು ಬಸುರಿ ಅಳಿಯನೊಡನೆ ಒಂದು ದಿನ ತಡವಾಗಿ ನಿಲ್ದಾಣಕ್ಕೆ ಬಂದರೆ ನೀವಿಬ್ಬರೂ ಪೆಟ್ಟಿಗೆಯ ಮೇಲೆ ಕುಳಿತಿರಬೇಕಾಗುತ್ತದೆ.

ಉಪ್ಪಳದ ಟ್ಯಾಕ್ಸಿ
ಕಾಸರಗೋಡು ರೈಲು ನಿಲ್ದಾಣಕ್ಕೆ ಬಿಡಲು ನಾನೇ ಬರುತ್ತೇನೆ. ತಾರೀಖು ಮಾತ್ರ ನಮ್ಮ ಲೆಕ್ಕದ್ದು ಹೇಳಿ.